ನನ್ನ ಕಿವಿಯೊಳಗಿನ ಸದ್ದು ಕೇಳಿದವರು

ಇಂಥ ಸಂಗತಿಗಳನ್ನು ಬೇರೆಯವರು ಹೇಳತೊಡಗಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ನಂಬುವುದು ಹಾಗಿರಲಿ, ಕೇಳಿಸಿಕೊಳ್ಳುವ ತಾಳ್ಮೆಯೂ ನನಗಿರಲಿಲ್ಲ. ಆದ್ದರಿಂದ ಈಗ ನೀವು ನನ್ನನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಂಬದವರ ನಡುವೆ ಬದುಕಿ ನನಗೆ ರೂಢಿಯಾಗಿದೆ.

ಕೆಲವು ವರ್ಷಗಳ ಹಿಂದೆ ನನ್ನ ಎಡಗಿವಿಯಲ್ಲಿ ಸದ್ದು ಶುರುವಾಯಿತು. ಗುಂಯ್ ಎಂದು ಒಂದೇ ಸಮನೆ, ಹಗಲೂ ರಾತ್ರಿ. ಕಚೇರಿಯಲ್ಲಿ ಜನ ಎದುರಿಗೆ ನಿಂತು ಮಾತಾಡುವಾಗಲೂ ಅದು ನಿಲ್ಲುತ್ತಿರಲಿಲ್ಲ. ದಿಂಬಿಗೆ ತಲೆಯಿಟ್ಟರೆ ಇನ್ನೂ ಜೋರು. ನಿದ್ದೆಯಿಲ್ಲದೆ ಸೊರಗಿಹೋದೆ. ನನ್ನ ಗಂಡ ಬ್ಯಾಂಕಿನಲ್ಲಿದ್ದಾರೆ, ತಿಳಿದವರೆಂದು ಹೆಸರು. ಅವರು ಹೇಳಿದ್ದು ಒಂದೇ ಮಾತು: "ಎಲ್ಲಾ ನಿನ್ನ ತಲ್ಯಾಗ ಅದ. ಅದರ ಕಡೆ ಲಕ್ಷ್ಯ ಕೊಡಬ್ಯಾಡ." ತಲೆಯೊಳಗೇ ಇದೆ ಮಹಾರಾಯರೇ, ಅದೇ ತಾನೇ ನನ್ನ ಗೋಳು! ನಾದಿನಿ ಫೋನಿನಲ್ಲಿ ಧ್ಯಾನ ಮಾಡು ಎಂದಳು. ಕಚೇರಿಯ ಗೆಳತಿ ವಯಸ್ಸಿನ ಮೇಲೆ ಹಾಕಿದಳು. ತ್ರಾಸವೇ, ನಿದ್ದೆ ಬಂತೇ ಎಂದು ಕೇಳಿದವರು ಒಬ್ಬರೂ ಇಲ್ಲ. ಕಾಲು ಮುರಿದುಕೊಂಡಿದ್ದರೆ ಇದೇ ಜನ ಹಣ್ಣು ಹಿಡಿದುಕೊಂಡು ಬರುತ್ತಿದ್ದರು.

ಕಡೆಗೆ ನಾನೇ ಹುಬ್ಬಳ್ಳಿಯ ಕಿವಿ ತಜ್ಞರೊಬ್ಬರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಹಿಂದಿನ ದಿನ ಅಲ್ಲಿಂದ ಫೋನ್ ಮಾಡಿದ ಹುಡುಗಿ ತಾಕೀತು ಮಾಡಿದಳು. ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡುತ್ತಾರೆ, ತಲೆ ತೊಳೆದುಕೊಂಡು ಬರಬೇಕು, ಎಣ್ಣೆ ಸೋಕಿಸಬಾರದು, ಕಿವಿಗಂತೂ ಏನೂ ಹಾಕಲೇಬಾರದು.

ಸಂಜೆ ತಲೆ ತೊಳೆದು ಹಿತ್ತಲ ಬಾಗಿಲಲ್ಲಿ ಕೂದಲು ಆರಿಸುತ್ತ ಕೂತಿದ್ದೆ. ಗಂಡ ಕೆಲಗೇರಿ ಕೆರೆಯ ಕಡೆ ತಿರುಗಾಡಲು ಹೋಗಿದ್ದರು. ಆಗ ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಟ್ಟಲು ಹಿಡಿದು ಬಂದರು.

ಅತ್ತೆ ಮನೆಯಲ್ಲೇ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದವರು. ಕಿವಿ ಮಂದವಾಗುತ್ತ ಬಂದು, ತಂಬೂರಿಯೂ ಕೇಳದಂತಾಗಿ, ಒಂದು ದಿನ ಶಿಷ್ಯೆಯರ ಎದುರಿಗೇ ಶ್ರುತಿ ತಪ್ಪಿದರು. ಅಂದೇ ತಂಬೂರಿಗೆ ಗವಸು ಹಾಕಿದರು, ಮತ್ತೆ ಬಾಯಿ ತೆರೆದು ಹಾಡಲಿಲ್ಲ. ಈಗ ಅವರಿಗೆ ಕುಕ್ಕರಿನ ಸೀಟಿಯೂ ಕೇಳದು. ಕಿವಿಯ ಮಶೀನು ಹಾಕಿಕೊಂಡರೆ ಪಾತ್ರೆ ಬಿದ್ದಂಥ ಗದ್ದಲವೆಂದು ತೆಗೆದಿಟ್ಟಿದ್ದಾರೆ. ನಮ್ಮ ಮಾತೆಲ್ಲ ಕೈಸನ್ನೆಯಲ್ಲಿ.

ಎಣ್ಣೆ ಬೇಡವೆಂದು ಕೈ ಆಡಿಸಿದೆ. ಅವರು ಕೇಳುವವರೇ? ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ಕೊಸರಿಕೊಂಡೆ, ಬಟ್ಟಲು ಉರುಳಿ ಎಣ್ಣೆ ನೆಲದ ಪಾಲಾಯಿತು. ಆ ಜಗ್ಗಾಟದಲ್ಲಿ ಅವರ ಕೆನ್ನೆ ನನ್ನ ಎಡಗಿವಿಗೆ ಒತ್ತಿತು. ಅತ್ತೆ ಅಲ್ಲಾಡದೆ ಕೂತುಬಿಟ್ಟರು.

"ತಂಬೂರಿ ಯಾರು ಬಾರಸ್ಲಿಕ್ಕತ್ತಾರ?" ಎಂದರು.

ಕೆನ್ನೆ ತೆಗೆದು ಸುತ್ತ ನೋಡಿದರು. ಮತ್ತೆ ಒತ್ತಿದರು. ಆಮೇಲೆ ಹಾಡತೊಡಗಿದರು, ಮೊದಲು ಬರೀ "ಸಾ". ನನಗೆ ಸಂಗೀತದ ಗಂಧವಿಲ್ಲ. ಆದರೂ ಅವರ ದನಿ ನನ್ನ ಕಿವಿಯ ಸದ್ದಿನೊಳಗೆ ಹೋಗಿ ಕೂತದ್ದು ನನಗೆ ಗೊತ್ತಾಯಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ಆ ಸದ್ದು ಬೇರೆಯಾಗಿ ಕೇಳಲಿಲ್ಲ. ಕತ್ತಲಾಗುವವರೆಗೂ ಅತ್ತೆ ಹಾಡಿದರು.

ತಲೆಯೆತ್ತಿ ನೋಡಿದರೆ ಗಂಡ ಬಾಗಿಲಲ್ಲಿ ನಿಂತಿದ್ದಾರೆ, ಕಣ್ಣಲ್ಲಿ ನೀರು. "ಒಂದ ಕಡೆನೂ ಶ್ರುತಿ ತಪ್ಪಲಿಲ್ಲ," ಎಂದರು. ಅತ್ತೆ ನನ್ನ ಕಿವಿ ಮುಟ್ಟಿ, "ತಂಬೂರಿ ಇಲ್ಲೇ ಅದ," ಎಂದು ಮಗನಿಗೆ ತೋರಿಸಿದರು. ಕಣ್ಣೊರೆಸಿಕೊಂಡ ಮೇಲೆ ಗಂಡ ಹೇಳಿದ್ದು ಕೇಳಿ: "ನಾಳೆ ಹುಬ್ಬಳ್ಳಿಗೆ ಹೋಗೂದು ಅಷ್ಟೇನು ಅವಸರ ಅದ? ಅವ್ವ ಹಾಡ್ಲಿಕ್ಕತ್ತಾಳ..."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಇಲ್ಲವೇ ಇಲ್ಲ ಎಂದ ಸದ್ದು, ಅವ್ವನಿಗೆ ಬೇಕಾದ ಕೂಡಲೇ ಇದೆ ಎಂದಾಯಿತೇ? "ನಾ ಏನು ನಿಮ್ಮನಿ ತಂಬೂರಿ ಏನ್ರಿ?" ಎಂದು ಕೂಗಿಯೇಬಿಟ್ಟೆ.

ಅತ್ತೆಗೆ ಅದು ಕೇಳಲಿಲ್ಲ. ಆದರೆ ನಮ್ಮ ಮುಖ ನೋಡಿ ತಿಳಿದುಕೊಂಡರು. "ಹೋಗ್ಲಿ ಅಕಿ!" ಎಂದು ಮಗನನ್ನು ಗದರಿದರು. ನನ್ನ ಕಿವಿಯ ಮೇಲೆ ಅಂಗೈಯಿಟ್ಟು ಕೇಳಿದರು: "ಇಷ್ಟು ಸಪ್ಪಳ ಹೊತ್ಗೊಂಡು ಹ್ಯಾಂಗ ಮಲಗ್ತೀಯವಾ?" ನಾನು ಗಳಗಳ ಅತ್ತುಬಿಟ್ಟೆ.

ಹುಬ್ಬಳ್ಳಿಯಲ್ಲಿ ಡಾಕ್ಟರು ಎಲ್ಲ ಪರೀಕ್ಷೆ ಮಾಡಿದರು. ನನ್ನ ಕಿವಿಗೆ ಕೊಳವೆ ಹಚ್ಚಿ ತಾವೂ ಆಲಿಸಿದರು. ಅವರಿಗೆ ಏನೂ ಕೇಳಲಿಲ್ಲ. ಇದು ಹೊರಗಿನವರಿಗೆ ಕೇಳುವ ಬಗೆಯ ಸದ್ದಲ್ಲ, ಬರಬರುತ್ತ ತಗ್ಗಬಹುದು, ತಗ್ಗದೆಯೂ ಇರಬಹುದು ಎಂದು ಹೇಳಿ, ನಿದ್ದೆಗೆ ಮಾಡಬೇಕಾದ್ದನ್ನು ತಿಳಿಸಿದರು. ಅತ್ತೆಯ ಸಂಗತಿ ಹೇಳಿದಾಗ ನಕ್ಕರು. ಆ ನಗು ನನಗೆ ಇನ್ನೂ ಚುಚ್ಚುತ್ತದೆ.

ಸದ್ದು ನಿಧಾನವಾಗಿ ತಗ್ಗುತ್ತ ಬಂತು. ಅತ್ತೆ ತಂಬೂರಿಯ ಗವಸು ತೆಗೆದು ಪಕ್ಕದಲ್ಲಿ ಒರಗಿಸಿಕೊಂಡು, ದಿನಾ ಸಂಜೆ ನನ್ನ ಕಿವಿಗೆ ಕೆನ್ನೆ ಒತ್ತಿ ಹಾಡುತ್ತಿದ್ದರು. ಆಮೇಲಾಮೇಲೆ ಸ್ವರ ಹುಡುಕಲು ಅವರಿಗೆ ಹೊತ್ತು ಹಿಡಿಯತೊಡಗಿತು. "ಸಣ್ಣಾಗ್ಯದ. ಛಲೋ ಆತು," ಎನ್ನುತ್ತಿದ್ದರು. ಗಂಡ ಮಾತ್ರ ನಾನು ಮನೆಯ ವಸ್ತುವೊಂದನ್ನು ಕದ್ದವಳೆಂಬಂತೆ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಎದ್ದಾಗ ಸದ್ದು ಇರಲಿಲ್ಲ. ಯಾರಿಗೂ ಹೇಳಲಿಲ್ಲ. ಸಂಜೆ ಅತ್ತೆ ಬಂದು ಕೆನ್ನೆ ಒತ್ತಿದರು. ಕೆನ್ನೆ ತೆಗೆದು ಮತ್ತೊಮ್ಮೆ ಒತ್ತಿ ನೋಡಿದರು. ಆಮೇಲೆ ನನ್ನ ತಲೆ ಸವರಿ, "ಇನ್ನ ಆರಾಮ ಮಲಗವಾ," ಎಂದು ಎದ್ದುಹೋಗಿ ತಂಬೂರಿಗೆ ಗವಸು ಹಾಕಿದರು.

ಡಾಕ್ಟರ ಕೊಳವೆಗೆ ಕೇಳದ್ದು ಅವರ ಕೆನ್ನೆಗೆ ಹೇಗೆ ಕೇಳಿತೋ ನನಗೆ ಇಂದಿಗೂ ತಿಳಿದಿಲ್ಲ. ನನಗೀಗ ಒಳ್ಳೆಯ ನಿದ್ದೆ ಬರುತ್ತದೆ. ಸಿಟ್ಟು ಮಾತ್ರ ಇಳಿದಿಲ್ಲ. ಅದು ಯಾರ ಮೇಲೆ ಎಂದು ನನ್ನನ್ನು ಕೇಳಬೇಡಿ.