ಮೆಸೇಜಿಗಿಂತ ಮೊದಲು ಬಂದ ಜಯಮ್ಮ

ಮೂರೂವರೆ ಸಾವಿರ ಹೇಳಿದ ಜಿಎಸ್‌ಎಂ ಮೋಡೆಮ್ಮನ್ನು, ಅಂದರೆ ಸಿಮ್ಮು ಹಾಕಿದರೆ ಮೆಸೇಜು ಹಿಡಿಯುವ ಡಬ್ಬವನ್ನು, ಚೌಕಾಸಿ ಮಾಡಿ ಎರಡು ಸಾವಿರಕ್ಕೆ ತಂದೆ. ನನ್ನ ರಾಗಿ ಕಟಾವು ಮಿಷನ್ನು ಬೇಕಾದವರು ಮೆಸೇಜು ಕಳಿಸಿದರೆ ಸಾಕು, ಡಬ್ಬ ತಾನೇ ಸರದಿ ಬರೆದುಕೊಳ್ಳುತ್ತದೆ ಎಂದು ಬೀಗಿದೆ. ‘ಬೆಳಿಗ್ಗೆ ಏಳಕ್ಕೆ ಶುರು, ಮೊದಲು ಬಂದವರಿಗೆ ಮೊದಲು’ ಎಂದು ಊರೂರಿಗೆ ಸಾರಿದ ಬುದ್ಧಿವಂತನೂ ನಾನೇ.

ಏಳಕ್ಕೆ ಸರಿಯಾಗಿ, ಡೈರಿಗೆ ಹಾಲು ಹಾಕಲು ಸಾಲಿನಲ್ಲಿ ನಿಂತವರೆಲ್ಲ ಒಟ್ಟಿಗೇ ಕಳಿಸಿದರು. ಹೋಯಿತೋ ಇಲ್ಲವೋ ಎಂಬ ಅನುಮಾನಕ್ಕೆ ಒಬ್ಬೊಬ್ಬರು ಮೂರು ಮೂರು ಸಲ. ನಮ್ಮ ಮೋಡೆಮ್ಮು ಒಂದೊಂದನ್ನೇ ಎಲೆಯಡಿಕೆ ಜಗಿದ ಹಾಗೆ ಜಗಿಯುತ್ತಿತ್ತು. ಸಿಮ್ಮು ತುಂಬಿದ ಮೇಲೆ ಉಳಿದವು ಹೊರಗೇ, ಮೊಬೈಲ್ ಕಂಪನಿಯಲ್ಲೇ ಕಾದವು.

ಹನ್ನೊಂದಕ್ಕೆ ಬಿಂಡಿಗನವಿಲೆಯ ಜಯಮ್ಮ ನಾಗಮಂಗಲದ ನನ್ನ ಅಂಗಡಿಗೇ ಬಂದರು. ಅವರ ಹೊಲದಲ್ಲಿ ಕೊಯ್ಲಿಗೆ ಬಂದ ರಾಗಿ, ಮೇಲೆ ಕಪ್ಪು ಮೋಡ, ನನ್ನ ಸರದಿಯಲ್ಲಿ ಅವರ ಹೆಸರೇ ಇಲ್ಲ. ‘ನೀವು ಕಳಿಸೇ ಇಲ್ಲ’ ಎಂದು ನಾನು ವಾದಕ್ಕೆ ನಿಂತಾಗಲೇ ಡಬ್ಬ ಟಿಂಗ್ ಎಂದಿತು. ಅವರದೇ ಮೆಸೇಜು!

“ನೋಡ್ಲಾ, ಬಸ್ಸಲ್ಲಿ ನಿಂತ್ಕಂಡು ನಾನೇ ಬಂದ್ಬುಟ್ಟೆ. ನನ್ ಮೆಸೇಜು ಇಷ್ಟೊತ್ತೂ ಡೈರಿ ತಾವೇ ಕುಂತಿತ್ತು!” ಎಂದರು.

ಕಳಿಸಿದ ಹೊತ್ತು ನೋಡಿದೆ: ಏಳು ದಾಟಿ ಒಂದೇ ನಿಮಿಷ. ತೆಪ್ಪಗೆ ಡ್ರೈವರನಿಗೆ ಫೋನು ಮಾಡಿ ಮಿಷನ್ನನ್ನು ಅವರ ಹೊಲಕ್ಕೆ ತಿರುಗಿಸಿದೆ. ಮಳೆಗೆ ಮುಂಚೆ ರಾಗಿ ಮನೆ ಸೇರಿತು.

ಮೋಡೆಮ್ಮು ಕೊಳ್ಳುವವರು ಬೆಲೆ ಆಮೇಲೆ ಕೇಳಿ, ನಿಮಿಷಕ್ಕೆ ಎಷ್ಟು ಮೆಸೇಜು ಹಿಡಿಯುತ್ತದೆಂದು ಮೊದಲು ಕೇಳಿ. ಮೆಸೇಜು ಕಳಿಸಲು ಊರಿಗೊಂದು ಹೊತ್ತು ಗೊತ್ತು ಮಾಡಿ. ಸರದಿ ಬರೆಯುವಾಗ ಮೆಸೇಜು ಬಂದ ಹೊತ್ತಲ್ಲ, ಕಳಿಸಿದ ಹೊತ್ತು ನೋಡಿ. ಅದು ಮೆಸೇಜಿನೊಳಗೇ ಇರುತ್ತದೆ, ನೋಡುವುದಕ್ಕೆ ಕಾಸೇನೂ ಬೇಡ.