ಮನೆಗಿಂತ ಮೊದಲು ಬಂದ ಹೊಸ್ತಿಲು

ವಿಜಯನಗರದಲ್ಲಿ ನಮಗೊಂದು ಸೈಟು ಸಿಕ್ಕಿದಾಗ ಮನೆ ಕಟ್ಟುವ ತಾಕತ್ತಿರಲಿಲ್ಲ. ಆದರೆ ಮಾಗಡಿ ಕಡೆಯ ನನ್ನ ತವರಿನಲ್ಲಿ ಹಳೇ ಹಲಸಿನ ಮರವೊಂದನ್ನು ಕಡಿಸಿದ್ದರು. ಅಪ್ಪ ಅದನ್ನು ಕೊಯ್ಯಿಸಿ ಕಾಮಾಕ್ಷಿಪಾಳ್ಯದ ನಮ್ಮ ಬಾಡಿಗೆ ಮನೆಗೆ ಲಾರಿಯಲ್ಲಿ ಕಳಿಸಿಬಿಟ್ಟರು.

ಮರಗೆಲಸದ ಆಚಾರ್ರು ಬಂದು ಅದನ್ನು ಹಿತ್ತಲಲ್ಲಿ ಇಟ್ಟಿಗೆಗಳ ಮೇಲೆ ಪೇರಿಸಿದರು. ಸಾಲುಗಳ ನಡುವೆ ಗಾಳಿಯಾಡಲು ತೆಳು ಪಟ್ಟಿ, ತುದಿಗಳು ಸೀಳದಂತೆ ಸಗಣಿ, ಮೇಲೆ ತಗಡು. "ಎರಡು ಮಳೆಗಾಲ, ಎರಡು ಬೇಸಿಗೆ ಕಳೀಲಿ. ಅಲ್ಲೀವರ್ಗೂ ಯಾರೂ ಮುಟ್ಬೇಡಿ," ಎಂದರು. ಹೊಸ್ತಿಲಿಗೆಂದು ಆರಿಸಿದ ದಪ್ಪ ತೊಲೆ ಎಲ್ಲಕ್ಕಿಂತ ಮೇಲಿತ್ತು. ಅದನ್ನು ನೋಡಿದಾಗೆಲ್ಲ ತವರೇ ಬಂದು ಹಿತ್ತಲಲ್ಲಿ ಕೂತಂತೆ ಅನಿಸುತ್ತಿತ್ತು.

ಬಾಡಿಗೆ ಮನೆಯದು ಸಿಮೆಂಟಿನ ಹೊಸ್ತಿಲು. ಅರಿಶಿನ ಹಚ್ಚಿದರೆ ಸಂಜೆಯೊಳಗೆ ಅಳಿಸಿಹೋಗುತ್ತಿತ್ತು. ನನ್ನದೇ ಹೊಸ್ತಿಲು ಹಿತ್ತಲಲ್ಲಿರುವಾಗ ಇನ್ನೊಬ್ಬರದ್ದನ್ನು ಯಾಕೆ ಉಜ್ಜಲಿ? ಪ್ರತಿ ಶುಕ್ರವಾರ ಯಜಮಾನರು ಕೆಲಸಕ್ಕೆ ಹೋದ ಮೇಲೆ, ತಗಡಿನಾಚೆ ಚಾಚಿದ್ದ ತುದಿಗೆ ಒಂದು ಚೊಂಬು ನೀರು ಹುಯ್ದು, ತೊಳೆದು, ಅರಿಶಿನ ಕುಂಕುಮ ಇಟ್ಟು ಕೈಮುಗಿಯುತ್ತಿದ್ದೆ. ಅವರು ಅರಿಶಿನ ನೋಡಿ ನಗುತ್ತಿದ್ದರು. ಚೊಂಬಿನ ವಿಷಯ ನಾನು ಹೇಳಿರಲಿಲ್ಲ.

ಎರಡನೇ ಬೇಸಿಗೆ ಮುಗಿಯುವಾಗ ಸೈಟಿನಲ್ಲಿ ಪಾಯ ಎದ್ದಿತ್ತು. ಆಚಾರ್ರು ತಗಡು ಸರಿಸಿ ತೊಲೆಯ ತುದಿ ನೋಡಿದರು. ಮೊಳದುದ್ದ ಕಪ್ಪು ಹಿಡಿದು ಸೀಳಿತ್ತು. ನಾನು ಎಲ್ಲವನ್ನೂ ಒಪ್ಪಿಕೊಂಡೆ.

"ವಾರವಾರ ನೆನೆಸಿ ಒಣಗಿಸಿದ್ರೆ ಯಾವ ಮರ ತಡೀತದಮ್ಮ? ಈ ತುದಿ ಕುಯ್ದ್ರೆ ಜೋಡಿ ಬಾಗಿಲಿಗೆ ಸಾಲಲ್ಲ. ಹೊಸ್ತಿಲಿಗೆ ಬೇರೆ ಮರ ತನ್ನಿ."

ನಾಚಿಕೆಯಿಂದ ಸತ್ತೇಹೋದೆ. ಆದರೂ ಹಟ ಬಿಡಲಿಲ್ಲ. "ಬೇರೆ ಮರ ಬೇಡ. ಬಾಗಿಲನ್ನೇ ಚಿಕ್ಕದು ಮಾಡಿ," ಎಂದೆ.

ಜೋಡಿ ಬಾಗಿಲು ಯಜಮಾನರ ಬಹುದಿನದ ಆಸೆ. ಅವರು ನನ್ನನ್ನೊಮ್ಮೆ, ತೊಲೆಯನ್ನೊಮ್ಮೆ ನೋಡಿದರು. "ಒಂಟಿ ಬಾಗಿಲೇ ಇರ್ಲಿ ಬಿಡಿ ಆಚಾರ್ರೇ. ನಾವಿಬ್ರು ಒಳಗೆ ಹೋಗೋಕೆ ಎಷ್ಟು ಅಗಲ ಬೇಕು?"

ಉಳಿದ ಮರ ಕಬ್ಬಿಣದಷ್ಟು ಗಟ್ಟಿಯಾಗಿತ್ತು. ಬಾಗಿಲು ಮಾತ್ರ ಕಿರಿದಾಗಿ, ಬೀರುವನ್ನು ಓರೆ ಮಾಡಿ ಒಳಗೆ ತರಬೇಕಾಯಿತು. ಗೃಹಪ್ರವೇಶದ ಬೆಳಿಗ್ಗೆ ಅರಿಶಿನದ ಬಟ್ಟಲು ಹಿಡಿದು ಹೊಸ್ತಿಲ ಮುಂದೆ ಕೂತೆ. ನೀರು ಹುಯ್ಯಲು ಧೈರ್ಯ ಬರಲಿಲ್ಲ, ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ. ಯಜಮಾನರು ಹಿಂದಿನಿಂದ ಬಂದು ತುಂಬಿದ ಚೊಂಬನ್ನು ನನ್ನ ಪಕ್ಕದಲ್ಲಿಟ್ಟರು.

"ತೊಳಿ ಕಣೇ," ಎಂದರು. "ಈಗ ಅದು ಹೊಸ್ತಿಲು."