ಸವೇಂಗನ ಮುಖವಿದ್ದ ಸೀಸೆ

ಮೂನ್ ಹೊಳೆಯ ದಂಡೆಯ ನೋಂಗ್‌ವಾ ಊರಿನಲ್ಲಿ ಸವೇಂಗ್ ಬೇರೊಬ್ಬರ ಮನೆಯಲ್ಲಿ ನೀರು ಕುಡಿದದ್ದನ್ನು ಕಂಡವರಿರಲಿಲ್ಲ. ನೀರನ್ನು ಅವನೇ ಒಲೆಯ ಮೇಲಿಡಬೇಕು, ಕುದಿಯುವುದನ್ನು ಅವನೇ ಕಣ್ಣಾರೆ ನೋಡಬೇಕು, ಆರಿದ ಮೇಲೆ ಮುಚ್ಚಳದ ಡಬ್ಬಿಗೆ ತುಂಬಿ ಹೆಗಲಿಗೆ ನೇತುಹಾಕಿಕೊಳ್ಳಬೇಕು. ಮಳೆನೀರು ಹಿಡಿದಿಡುವ ಗುಡಾಣಗಳು ಎಲ್ಲರ ಅಂಗಳದಲ್ಲಿದ್ದಂತೆ ಅವನ ಅಂಗಳದಲ್ಲೂ ಇದ್ದವು. ಆದರೆ ಪಕ್ಕದ ಮನೆಯ ಕೋಳಿಗಳು ತನ್ನ ಗುಡಾಣದ ಮೇಲೇ ಬಂದು ಕೂರುವುದು ಸುಮ್ಮನೆ ಅಲ್ಲ, ಯಾರೋ ಬೇಕಂತಲೇ ಅಟ್ಟುತ್ತಾರೆ ಎಂಬುದು ಅವನ ಗಟ್ಟಿ ಅನುಮಾನ.

ಅವನ ಕಸುಬು ಬಿದಿರಿನ ಬುಟ್ಟಿ ಹೆಣೆಯುವುದು; ಅಂಟು ಅನ್ನ ಬಿಸಿಯಾಗಿರಲೆಂದು ತುಂಬಿಡುವ ಮುಚ್ಚಳದ ಬುಟ್ಟಿಗಳು. ಅವನ್ನು ಕೋಲಿಗೆ ಪೋಣಿಸಿ ಹೆಗಲ ಮೇಲೆ ಹೊತ್ತು ಸಂತೆಗೆ ನಡೆದೇ ಹೋಗುತ್ತಿದ್ದ. ಊರಿನ ಮುಂದೆಯೇ ಬಾಡಿಗೆ ಗಾಡಿ ಬರುತ್ತಿತ್ತು. ಗಾಡಿಯವನು ಒಮ್ಮೆ ಬುಟ್ಟಿಗಳನ್ನು ಮೇಲೆ ಕಟ್ಟುವಾಗ ಒಂದನ್ನು ಕದ್ದನೆಂದು ಅವನ ಲೆಕ್ಕ. ಗಾಡಿಯವನು ಸತ್ತು, ಅವನ ಮಗ ಓಡಿಸತೊಡಗಿದರೂ ಸವೇಂಗ್ ಹತ್ತಲಿಲ್ಲ.

"ಮಗನ ಕಣ್ಣೂ ಅಪ್ಪನ ಹಾಗೇ ಇದೆ," ಅನ್ನುತ್ತಿದ್ದ.

ಹೀಗೆ ಅನುಮಾನಿಸುವುದನ್ನು ಅವನು ಹುಟ್ಟುತ್ತಲೇ ಕಲಿತವನಲ್ಲ. ಹರೆಯದಲ್ಲಿ ಅವನೂ ಎಲ್ಲರಂತೆ ಗದ್ದೆ ಬದುವಿನಲ್ಲಿ ಕೂತು, ಹಸಿ ಮೀನು ಕೊಚ್ಚಿ ನಿಂಬೆ ಹಿಂಡಿ ಖಾರ ಕಲಸಿ, ಅಣ್ಣನ ಜೊತೆ ಅಕ್ಕಿ ಸಾರಾಯಿ ಕುಡಿಯುತ್ತ ತಿಂದವನೇ. ಅಣ್ಣ ಕಣ್ಣು ಅರಿಸಿನದಂತಾಗಿ, ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ ಸತ್ತ. ದೆವ್ವದ ಕಾಟ ಅಂದರು ಕೆಲವರು, ಹಣೆಬರಹ ಅಂದರು ಕೆಲವರು. ಸವೇಂಗನಿಗೆ ಎರಡರ ಮೇಲೂ ನಂಬಿಕೆ ಹುಟ್ಟಲಿಲ್ಲ. ಅಣ್ಣ ಬಾಯಿಗೆ ಹಾಕುತ್ತಿದ್ದ ಮೂರು ವಸ್ತುಗಳ ಮೇಲೆ ಅವನ ಕಣ್ಣು ಬಿತ್ತು: ಹಸಿ ಮೀನು, ಸಾರಾಯಿ, ಹೊಗೆಸೊಪ್ಪು. ಕೊಂದದ್ದು ಯಾವುದು ಎಂದು ತಿಳಿಯದಿದ್ದರಿಂದ ಮೂರನ್ನೂ ಬಿಟ್ಟುಬಿಟ್ಟ.

ಆಮೇಲೆ ಹೆಂಡತಿ ಬುವಾಪನ್. ಮಂಡಿನೋವಿಗೆಂದು ಕಿರಾಣಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದ ಬಣ್ಣಬಣ್ಣದ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದಳು. ನೋವು ಹೋಗುತ್ತಿತ್ತು, ಮುಖ ದುಂಡಗಾಗುತ್ತಿತ್ತು. ಎಲ್ಲರೂ ಅವಳು ಚೆನ್ನಾಗಿ ಆಗಿದ್ದಾಳೆಂದರು. ಒಂದು ದಿನ ರಕ್ತ ಕಾರಿಕೊಂಡು ಹೋದಳು. ಆ ಪೊಟ್ಟಣಗಳನ್ನು ತಂದುಕೊಡುತ್ತಿದ್ದವನು ಸವೇಂಗನೇ. ಅಂದಿನಿಂದ ಯಾರಾದರೂ ನಗುತ್ತ ಏನನ್ನಾದರೂ ಮುಂದೆ ಚಾಚಿದರೆ ಸಾಕು, ಅವನ ಕೈ ಬೆನ್ನ ಹಿಂದೆ ಹೋಗುತ್ತಿತ್ತು.

ಎದುರು ಮನೆಯ ಬುನ್ಮಾ ಅವನ ಓರಗೆಯವನು. ತಮಾಷೆಯ ಮನುಷ್ಯ, ಊಟದ ಚಪಲದವನು. ಮೀನು ಕೊಚ್ಚಿದಾಗಲೆಲ್ಲ ಬೇಲಿಯಾಚೆಯಿಂದ ಕೂಗುತ್ತಿದ್ದ.

"ಬಾರೋ ಸವೇಂಗ್! ನಿಂಬೆಹುಳಿ ಹಿಂಡಿದೀನಿ, ಹುಳಿಗೇ ಬೆಂದೋಗಿದೆ ಕಣೋ!"

"ಬೆಂದಿದ್ರೆ ಒಲೆ ಮೇಲಿಡು, ಇನ್ನೊಂಚೂರು ಬೇಯ್ಲಿ. ನಿಂಗೇನು ಸೌದೆಗೆ ಬರವೇ?"

"ನೀನು ಸತ್ರೆ ಚಿತೆ ಮೇಲೂ ಎದ್ದು ಕೂತು, ಬೆಂಕಿ ಸರಿಯಾಗಿದ್ಯಾ ಅಂತ ನೋಡ್ತೀಯ ಬಿಡು!"

ಹೀಗೆ ವರ್ಷಗಳು ಕಳೆದವು. ಸವೇಂಗ್ ಬೇಯಿಸಿದ ಸೊಪ್ಪು, ಸುಟ್ಟ ಮೀನು, ತನ್ನದೇ ಬುಟ್ಟಿಯ ಒಂದು ಹಿಡಿ ಅನ್ನ ಉಂಡ. ಔತಣಗಳಲ್ಲಿ, ಇಷ್ಟೊಂದು ಬಡಿಸುತ್ತಾರೆಂದರೆ ಏನೋ ಕೇಳುವವರಿದ್ದಾರೆ ಎಂದು ಅರ್ಧಕ್ಕೇ ಎದ್ದ. ಕತ್ತಲಾದ ಮೇಲೆ ಎದ್ದಿರುವವರ ಉದ್ದೇಶ ಒಳ್ಳೆಯದಿರುವುದಿಲ್ಲವೆಂದು ಬೇಗ ಮಲಗಿದ.

ಊರಿನ ಆರೋಗ್ಯ ಕಾರ್ಯಕರ್ತೆ ಚಂತೀರಾ ಬುವಾಪನ್‌ಳ ತಂಗಿಯ ಮಗಳು. ತಾಯಿ ದೂರದ ಪಟ್ಟಣದಲ್ಲಿ ಕೆಲಸಕ್ಕಿದ್ದುದರಿಂದ ಅವಳು ಬೆಳೆದದ್ದು ಸವೇಂಗನ ಅಂಗಳದಲ್ಲೇ. ಊರಲ್ಲಿ ಅವನು ಬಾಗಿಲು ತೆರೆಯುತ್ತಿದ್ದುದು ಅವಳೊಬ್ಬಳಿಗೆ. ಆ ವರ್ಷ ಮುದುಕರ ರಕ್ತದೊತ್ತಡ ನೋಡುವ ಕೆಲಸ ಬಂದಾಗ ಅವಳು ಯಂತ್ರ ಹಿಡಿದು ಬಂದಳು.

"ಕೈ ಚಾಚು ದೊಡ್ಡಪ್ಪ."

"ಇದು ಒಳಗಿಂದ ಏನಾದ್ರೂ ಎಳ್ಕೊಳ್ಳತ್ತಾ?"

"ಏನೂ ಎಳ್ಯಲ್ಲ. ಒತ್ತಿ ಬಿಡತ್ತೆ ಅಷ್ಟೇ."

"ಬಿಡದಿದ್ರೆ?"

"ಬಿಡದಿದ್ರೆ ನನ್ ಕೈಗೂ ಕಟ್ಕೋತೀನಿ, ಇಬ್ರೂ ಒಟ್ಟಿಗೆ ಸಾಯೋಣ. ಚಾಚು!"

ಯಂತ್ರದಲ್ಲಿ ಬಂದದ್ದನ್ನು ನೋಡಿ ಅವಳು ಮತ್ತೊಮ್ಮೆ ಕಟ್ಟಿ ನೋಡಿದಳು. ಇಡೀ ಊರಿನ ಮುದುಕರಲ್ಲಿ ಅಷ್ಟು ಚೆನ್ನಾಗಿ ಯಾರಿಗೂ ಬಂದಿರಲಿಲ್ಲ. ಖುಷಿಯಿಂದ, ಅವನು ಬೇಡವೆನ್ನುವಷ್ಟರಲ್ಲಿ, ಒಂದು ಚಿತ್ರ ತೆಗೆದುಕೊಂಡಳು. ಬುಟ್ಟಿಗಳ ನಡುವೆ ಕೂತು, ಹುಬ್ಬು ಗಂಟಿಕ್ಕಿ, ಕ್ಯಾಮೆರಾವನ್ನೇ ಕಳ್ಳನಂತೆ ದಿಟ್ಟಿಸುತ್ತಿದ್ದ ಸವೇಂಗ್. ಊರಿನ ಮುಖ್ಯಸ್ಥ ಅದನ್ನು ದೊಡ್ಡದು ಮಾಡಿಸಿ, 'ನಮ್ಮ ಊರಿನ ಆರೋಗ್ಯವಂತ ಹಿರಿಯ' ಎಂದು ಬರೆಸಿ, ಸಭಾಭವನದ ಗೋಡೆಗೆ ಅಂಟಿಸಿದ.

ಮಳೆ ನಿಂತು ಗದ್ದೆ ಹಳದಿಯಾಗುವ ಹೊತ್ತಿಗೆ ಧ್ವನಿವರ್ಧಕ ಕಟ್ಟಿದ ಗಾಡಿಯಲ್ಲಿ ಥನಾಕೋನ್ ಎಂಬವನು ಊರಿಗೆ ಬಂದ. ಇಸ್ತ್ರಿ ಅಂಗಿ, ಜೇನು ಮಾತು. ಅವನ ಸೀಸೆಗಳಲ್ಲಿ ಕಪ್ಪು ಕಷಾಯ. ಒತ್ತಡ, ಸಕ್ಕರೆ, ಸೊಂಟ, ಕಣ್ಣು, ಎಲ್ಲಕ್ಕೂ ಅದೊಂದೇ ಮದ್ದು. ಸವೇಂಗನ ಬಾಗಿಲಿಗೂ ಬಂದು, ಒಂದು ಸೀಸೆಯನ್ನು ಬಿಟ್ಟಿಯಾಗಿ ಚಾಚಿದ.

"ತಗೊಳ್ಳಿ ಹಿರಿಯರೇ. ಕುಡಿದು ನೋಡಿ, ಒಂದು ಮಾತು ಹೇಳಿದ್ರೆ ಸಾಕು."

"ಮಾತು ಕೊಂಡ್ಕೊಳ್ಳೋದಕ್ಕೆ ಬಂದಿದೀಯ? ನಾನು ಮಾರೋದು ಬುಟ್ಟಿ ಕಣಯ್ಯಾ," ಎಂದು ಸವೇಂಗ್ ಬಾಗಿಲು ಹಾಕಿಕೊಂಡ.

ಆಮೇಲೊಂದು ಸಂತೆಯ ದಿನ ಬುಟ್ಟಿ ಹರಡಿಕೊಂಡು ಕೂತವನ ಎದುರಿಗೆ ಒಂದು ಅಂಗಡಿಯಲ್ಲಿ ಸಾಲಾಗಿ ಅವನದೇ ಮುಖ. ಒಂದೊಂದು ಸೀಸೆಯ ಮೇಲೂ ಅವನ ಗಂಟಿಕ್ಕಿದ ಹುಬ್ಬು. ಕೆಳಗೆ ಕೆಂಪು ಅಕ್ಷರದಲ್ಲಿ: 'ಯಾರನ್ನೂ ನಂಬದ ಸವೇಂಗ್ ತಾತ ಇದನ್ನು ನಂಬಿದರು.'

ಆ ಚಿತ್ರ ತೆಗೆದವಳು ಒಬ್ಬಳೇ. ಬಾಗಿಲು ತೆರೆದದ್ದೂ ಅವಳೊಬ್ಬಳಿಗೇ. ಬುಟ್ಟಿಗಳನ್ನು ಮಾರದೆ ಹೊತ್ತುಕೊಂಡು ಹಿಂದಿರುಗಿ, ನೇರ ಚಂತೀರಾಳ ಮನೆ ಮುಂದೆ ನಿಂತ.

"ಏನು ಕೊಟ್ಟ ಅವ್ನು ನಿಂಗೆ?"

"ಯಾರು ದೊಡ್ಡಪ್ಪ? ಏನು?"

"ನನ್ ಮುಖ ಮಾರ್ಕೊಂಡೆಯಲ್ಲಾ, ಅದಕ್ಕೆ ಏನು ಕೊಟ್ಟ ಅಂತ ಕೇಳ್ತಿದೀನಿ."

ಅವಳ ಬಾಯಿಂದ ಮಾತು ಹೊರಡುವ ಮೊದಲೇ ಅವನು ಬೆನ್ನು ತಿರುಗಿಸಿದ್ದ. ಮರುದಿನ ಅವಳು ಬಂದು ಬಾಗಿಲು ತಟ್ಟಿದಳು, ಅದರ ಮರುದಿನವೂ ಬಂದಳು. ಒಳಗೆ ಬಿದಿರು ಸೀಳುವ ಸದ್ದು ನಿಲ್ಲಲಿಲ್ಲ. ಆಮೇಲೆ ಅವಳೂ ಬರುವುದು ಬಿಟ್ಟಳು.

ಊರಿನಲ್ಲಿ ಕಷಾಯ ಹೊಳೆಯಂತೆ ಹರಿಯಿತು. ಸವೇಂಗನೇ ಕುಡಿದನೆಂದ ಮೇಲೆ ಇನ್ನು ಪರೀಕ್ಷೆ ಬೇಡ ಎಂದುಕೊಂಡರು ಜನ. ಸಂತೆಯಿಂದ ಕೊಂಡು ತಂದ ಒಣಮೀನನ್ನೂ ಮೂರು ಸಲ ಮೂಸಿ ನೋಡುವ ಮನುಷ್ಯ! ಬುನ್ಮಾನಿಗೆ ಒತ್ತಡದ ಗುಳಿಗೆಗಳು ಮೊದಲೇ ಬೇಸರ ತಂದಿದ್ದವು. ಆರೋಗ್ಯ ಕೇಂದ್ರದಿಂದ ತಂದದ್ದನ್ನು ಡಬ್ಬಿಗೆ ಹಾಕಿಟ್ಟು, ಬೆಳಿಗ್ಗೆ ಸಂಜೆ ಕಪ್ಪು ಕಷಾಯ ಕುಡಿದ. ಬೇಲಿಯಾಚೆಯಿಂದ ಸೀಸೆ ಎತ್ತಿ ತೋರಿಸಿ, "ಕಳ್ಳಾ, ಇಷ್ಟು ವರ್ಷ ಮುಚ್ಚಿಟ್ಟಿದ್ದೆ ಅಲ್ವಾ?" ಎಂದು ನಕ್ಕ. ಸವೇಂಗ್ ಅಲ್ಲವೆನ್ನದೆ ಒಳಗೆ ಹೋದ. ಬುನ್ಮಾನಿಗೂ ಆ ವ್ಯಾಪಾರದಲ್ಲಿ ಪಾಲಿದೆಯೇನೋ ಎಂದು ಅವನಿಗೆ ಗುಮಾನಿ.

ಕೊಯ್ಲಿನ ಒಂದು ಬೆಳಿಗ್ಗೆ ಬುನ್ಮಾ ಅಂಗಳದಲ್ಲಿ ಬಿದ್ದ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ತನ್ನದಲ್ಲವೆನ್ನುವಂತೆ ಜೋತುಬಿದ್ದಿತ್ತು. ಚಂತೀರಾ ಓಡಿ ಬಂದು, ಒಂದು ಗಳಿಗೆಯೂ ಕಾಯದೆ ಗಾಡಿ ಹೊರಡಿಸಿದಳು. ಎತ್ತಿ ಮಲಗಿಸಲು ಕೈಜೋಡಿಸಿದವರಲ್ಲಿ ಸವೇಂಗನೂ ಇದ್ದ. ಅವಳು ಅವನ ಕಡೆ ನೋಡಲಿಲ್ಲ. ಗಾಡಿ ಹೋದ ಮೇಲೆ ಬುನ್ಮಾನ ಹೆಂಡತಿ ಸವೇಂಗನ ಎದುರಿಗೆ ಬಂದು ನಿಂತಳು.

"ನಿನ್ ಮುಖ ನೋಡ್ಕೊಂಡು ಕುಡಿದ್ರಲ್ಲಾ ಅಣ್ಣ. ನೀನು ಕುಡಿಯಲ್ಲ ಅಂತ ಒಂದ್ ಮಾತು ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?"

ಆ ಮಾತು ಅವನ ಎದೆಯಲ್ಲಿ ಬಿದಿರಿನ ಸಿಬಿರಿನಂತೆ ಚುಚ್ಚಿ ಕೂತಿತು. ತಂದುಕೊಟ್ಟ ಪೊಟ್ಟಣ ಒಬ್ಬಳನ್ನು ತಿಂದಿತ್ತು. ಈಗ ಆಡದ ಮಾತು ಇನ್ನೊಬ್ಬನನ್ನು. ಅವನು ನೇರ ಮುಖ್ಯಸ್ಥನ ಮನೆಗೆ ಹೋದ.

"ನನ್ ಚಿತ್ರ ಆ ಸೀಸೆಯವನ ಕೈಗೆ ಹೇಗೆ ಸೇರ್ತು?"

ಮುಖ್ಯಸ್ಥ ತಲೆ ಕೆರೆದುಕೊಂಡ. "ಗೋಡೆ ಮೇಲಿತ್ತಲ್ಲ ಮಾವ. ಅವ್ನೇ ಎದುರಿಗೆ ನಿಂತು ಫೋನಲ್ಲಿ ಹಿಡ್ಕೊಂಡ. ಯಾರನ್ನೂ ನಂಬಲ್ಲ ಈ ಅಜ್ಜ ಅಂತ ನಾನೇ ನಗ್ತಾ ಹೇಳ್ದೆ. ಚಿತ್ರ ತಾನೇ, ಏನು ಹೋಗತ್ತೆ ಅಂದ್ಕೊಂಡೆ."

"ಚಂತೀರಾ?"

"ಅವಳಿಗೆ ಗೊತ್ತಾದ ದಿನ ನಂಗೆ ಬಾಯಿಗೆ ಬಂದಂಗೆ ಬೈದ್ಲು. ಆಸ್ಪತ್ರೆಯವರಿಗೂ ದೂರು ಕೊಟ್ಟಿದಾಳೆ. ನಿಂಗೆ ಹೇಳಿಲ್ವಾ?"

ಸವೇಂಗ್ ಹೊರಬಂದ. ಅಂದು ಮಧ್ಯಾಹ್ನ, ಜನ್ಮದಲ್ಲಿ ಮಾಡದ ಕೆಲಸವೊಂದನ್ನು ಮಾಡಿದ. ಒಂದೊಂದೇ ಮನೆಯ ಮುಂದೆ ನಿಂತು, "ನಾನು ಅದನ್ನ ಕುಡಿದಿಲ್ಲ, ನೀವೂ ಕುಡೀಬೇಡಿ. ಕೇಂದ್ರದ ಗುಳಿಗೆ ಬಿಡಬೇಡಿ," ಎಂದು ಹೇಳುತ್ತ ಹೊರಟ.

ಜನ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಆಹಾ! ನಾವೆಲ್ಲ ಬಿಟ್ರೆ ನಿಂಗೊಬ್ಬನಿಗೇ ಉಳಿಯತ್ತೆ ಅಂತಾನಾ?" ಅಂದಳು ಒಬ್ಬಳು.

"ಪಾಲು ಸರಿಯಾಗಿ ಕೊಡ್ಲಿಲ್ಲ ಅಂತ ಕಾಣತ್ತೆ, ಅದಕ್ಕೇ ಸಿಟ್ಟು," ಅಂದ ಇನ್ನೊಬ್ಬ.

"ಕುಡೀದೇ ಈ ವಯಸ್ಸಲ್ಲಿ ಸಂತೆಗೆ ನಡ್ಕೊಂಡು ಹೋಗ್ತೀಯಾ? ಯಾರಿಗೆ ಹೇಳ್ತೀಯ ಕಥೆ?"

ಸವೇಂಗ್ ಆಣೆ ಇಟ್ಟ. ಆಣೆ ಇಡುವವರನ್ನು ತಾನು ಎಂದೂ ನಂಬಿದವನಲ್ಲ ಎಂಬುದು ಅವನಿಗೆ ಆಗಲೇ ಹೊಳೆಯಿತು. ಅವರೆಲ್ಲರ ಕಣ್ಣಿನಲ್ಲಿದ್ದ ನೋಟ ಅವನಿಗೆ ಚೆನ್ನಾಗಿ ಪರಿಚಯವಿದ್ದದ್ದೇ. ಒಳಗಿನಿಂದ ಅದು ಹೇಗಿರುತ್ತದೆಂದು ಗೊತ್ತಿತ್ತು. ಎದುರಿಗೆ ನಿಂತವನಿಗೆ ಹೇಗಿರುತ್ತದೆಂದು ಗೊತ್ತಿರಲಿಲ್ಲ.

"ಹಾಗಾದ್ರೆ ಬನ್ನಿ," ಅಂದ ಕೊನೆಗೆ. "ಬಂದು ಮನೆ ನೋಡ್ಕೊಳ್ಳಿ. ಎಲ್ಲಿ ಬೇಕಾದ್ರೂ ಕೈ ಹಾಕಿ."

ಮರುದಿನ ಬೆಳಗಾಗುತ್ತಲೇ ಅರ್ಧ ಊರು ಬಂದಿತು. ಹಾಸಿಗೆ ಎತ್ತಿದರು, ಅಕ್ಕಿಯ ಡ್ರಮ್ಮಿನಲ್ಲಿ ಮೊಣಕೈವರೆಗೆ ಕೈ ಇಳಿಸಿದರು, ಕೆಟಲಿನ ಮೂತಿಗೆ ಮೂಗು ಇಟ್ಟರು. ಒಬ್ಬ ಸೌದೆಯ ರಾಶಿಯನ್ನೇ ಕೆಡವಿದ. ಸವೇಂಗ್ ಅಂಗಳದಲ್ಲಿ ನಿಂತು ಹಲ್ಲು ಕಚ್ಚಿಕೊಂಡು ಎಲ್ಲರ ಕೈಗಳ ಮೇಲೂ ಕಣ್ಣಿಟ್ಟಿದ್ದ. ಅವನು ಹಿತ್ತಿಲು ಗುಡಿಸುವುದು, ಭಿಕ್ಷುಗಳಿಗೆ ಅನ್ನ ಹಾಕುವುದು, ಕುದಿಸಿದ ನೀರು ಕುಡಿಯುವುದು, ಬೇಯಿಸಿದ ನುಗ್ಗೆಸೊಪ್ಪು ಸುಟ್ಟ ಮೀನು ತಿನ್ನುವುದು, ಎಲ್ಲವನ್ನೂ ನೋಡಿದರು. ಸಂತೆಗೆ ಹೊರಟಾಗ ಸ್ವಲ್ಪ ದೂರ ಹಿಂದೆಯೂ ಬಂದರು. ದಾರಿಯಲ್ಲಿ ಎಲ್ಲಾದರೂ ಸೀಸೆ ತೆಗೆಯುತ್ತಾನೇನೋ ಎಂದು.

"ಇಷ್ಟೇನಾ?" ಎಂದು ಕೇಳಿದಳು ಏದುಸಿರು ಬಿಡುತ್ತ ಹಿಂದುಳಿದ ಒಬ್ಬಳು. ಅವಳ ಧ್ವನಿಯಲ್ಲಿ ಮೋಸಹೋದವರ ನಿರಾಸೆ ಇತ್ತು.

ಎಲ್ಲರೂ ನಂಬಿದರು ಎನ್ನುವಂತಿಲ್ಲ. ಕೆಲವರು ಸೀಸೆಗಳನ್ನು ಹೊಳೆಗೆ ಸುರಿದರು, ಕೆಲವರು ಮಂಚದ ಕೆಳಗೆ ಮುಚ್ಚಿಟ್ಟುಕೊಂಡು ಕುಡಿದರು. ಚಂತೀರಾಳ ದೂರಿನಿಂದ ಅಧಿಕಾರಿಗಳು ಬಂದು ಸಂತೆಯ ಅಂಗಡಿಯ ಮಾಲನ್ನು ಹೊತ್ತೊಯ್ದರು. ಥನಾಕೋನನ ಗಾಡಿ ಹೊಳೆಯಾಚೆ ಬೇರೆ ಮುಖದ ಸೀಸೆಗಳೊಂದಿಗೆ ತಿರುಗುತ್ತಿದೆಯೆಂದು ಸುದ್ದಿ.

ಚಂತೀರಾಳ ಮನೆಗೆ ಸವೇಂಗ್ ಒಂದು ಹೊಸ ಬುಟ್ಟಿ ಹಿಡಿದು ಹೋದ. ತಪ್ಪಾಯಿತು ಎನ್ನುವ ಬದಲು ಬುಟ್ಟಿಯನ್ನು ಚಾಚಿದ.

ಅವಳು ಕೈ ಚಾಚಲಿಲ್ಲ. "ಏನಿದೆ ಇದ್ರಲ್ಲಿ?"

"ಏನಿಲ್ಲ. ಬುಟ್ಟಿ."

"ಸುಮ್ಮನೆ ಯಾರಾದ್ರೂ ಕೊಡ್ತಾರಾ? ಏನೋ ಬೇಕಿರತ್ತೆ ಕೊಡೋರಿಗೆ."

ಅವನು ತಲೆ ತಗ್ಗಿಸಿದ. ಅವಳು ಬುಟ್ಟಿಯನ್ನು ಕಸಿದುಕೊಂಡಂತೆ ತೆಗೆದುಕೊಂಡಳು. "ಬಾಗಿಲು ತಟ್ಟಿದ್ರೂ ತೆಗೀದೇ ಇದ್ದದ್ದನ್ನ ಒಂದ್ ಬುಟ್ಟೀಲಿ ತೀರಿಸ್ಬೇಡ. ಕೂತ್ಕೋ, ಅನ್ನ ಆಗಿದೆ."

ಅವನು ಕೂತ. ತಟ್ಟೆಯ ಅಂಚನ್ನು ಒಮ್ಮೆ ನೋಡಿದ, ಅವಳನ್ನು ನೋಡಿದ, ಉಂಡ.

ಬುನ್ಮಾ ಆಸ್ಪತ್ರೆಯಿಂದ ಬದುಕಿ ಬಂದ. ಬಲಗಾಲು ಎಳೆಯುತ್ತದೆ, ಮಾತು ತೊದಲುತ್ತದೆ, ಗುಳಿಗೆಯನ್ನು ಹೆಂಡತಿ ಎದುರಿಗೆ ನಿಂತು ನುಂಗಿಸುತ್ತಾಳೆ. ದಿನಾ ನಡೆಸಬೇಕೆಂದು ವೈದ್ಯರು ಹೇಳಿದ್ದಾರೆ. ಈಗ ಬೆಳಗಾದರೆ ಸವೇಂಗ್ ಎದುರು ಮನೆಗೆ ಹೋಗಿ ಅವನ ತೋಳು ಹಿಡಿದು ಏಳಿಸುತ್ತಾನೆ. ಇಬ್ಬರೂ ಕಾಲುವೆಯ ಏರಿಯ ಮೇಲೆ ಆಮೆಯಂತೆ ಸಾಗುತ್ತಾರೆ. ಜಗಳವಾಡದ ದಿನವಿಲ್ಲ.

"ನೀರಿನ ಕಡೆ ನನ್ನೇ ಯಾಕೋ ನಡೆಸ್ತೀಯ?" ಎಂದು ಬುನ್ಮಾ ತೊದಲುತ್ತಾನೆ. "ತಳ್ಳೋದಕ್ಕಾ?"

"ಹಾಗನ್ಸಿದ್ರೆ ಈ ಕಡೆ ಬಾ."

"ಈ ಕಡೆ ಮುಳ್ಳಿದೆ."

"ಹಾಗಾದ್ರೆ ಆ ಕಡೇನೇ ಇರು."

ಬುನ್ಮಾ ಸವೇಂಗನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಎಳೆಯುವ ಕಾಲನ್ನು ಮುಂದಿಡುತ್ತಾನೆ.